ಗಾಜಿನೊಳಗಿನ ಮಬ್ಬು

ಅಳಿಯಾ,

ಯುದ್ಧದಿಂದ ಮರಳದ ನಿನ್ನ ವಿಮಾನದ ಅಂಗೈಯಗಲದ ಮಾದರಿಯನ್ನು ಇವತ್ತು ಮಾಡಿ ಮುಗಿಸಿದೆ. ಏಳನೇ ಕ್ಲಾಸಿಗೇ ಓದು ಬಿಟ್ಟ ನಿನ್ನ ಮಾವನ ಕೈಚಳಕ ಯಾವ ಇಂಜಿನಿಯರಿಗೂ ಬರುವುದಿಲ್ಲ, ಬರೆದಿಟ್ಟುಕೋ. ಒಳಗೆ ಉಗುರಿನಷ್ಟು ನೀನೂ ಕೂತಿದ್ದೀಯ. ನಿನ್ನ ತಲೆಯ ಮೇಲಿನ ಗಾಜಿನ ಮುಚ್ಚಳಕ್ಕೆ ಮಾತ್ರ ಅವಸರದಲ್ಲಿ ಬೇರೆ ಅಂಟು ಹಾಕಿಬಿಟ್ಟೆ. ಅದರ ಆವಿಗೆ ಗಾಜು ಒಳಗಿನಿಂದ ಮಬ್ಬಾಯಿತು.

ಕಿತ್ತು ಹೊಸದು ಹಾಕೋಣ ಎನ್ನುವಷ್ಟರಲ್ಲಿ ನಿನ್ನಮ್ಮ ಬಂದು ಬಗ್ಗಿ ನೋಡಿದಳು.

"ಲೋ ತಮ್ಮಾ, ಒಳಗೆ ಉಸಿರಾಡ್ತಿದಾನೆ ಕಣೋ!"

"ಮತ್ತೆ? ಮಾಡಿದ್ದು ಯಾರು ಅಂದ್ಕೊಂಡೆ ಅಕ್ಕಾ?" ಎಂದೆ.

ನಿನ್ನನ್ನು ಪೈಲಟ್ ಮಾಡಿದ್ದು ನಾನೇ ಎಂದು ಊರೆಲ್ಲ ಕೊಚ್ಚಿಕೊಂಡವನು ನಾನು. ಅವಳೆದುರು ಆ ಮಾತು ಬಿಟ್ಟು ವರ್ಷಗಳಾದವು.

ಹೊಸ ಗಾಜು ಡ್ರಾಯರಿನಲ್ಲೇ ಇದೆ. ಸಂಜೆಯೊಳಗೆ ಅವಳು ಮೂರು ಸಲ ಬಂದು, ಮಬ್ಬು ಹಾಗೇ ಇದೆಯಾ ಎಂದು ನೋಡಿಹೋದಳು. ಅವಳು ಹೋದಮೇಲೆ ನಾನೂ ಬಗ್ಗಿ ನೋಡಿದೆ.