ಮಿಸ್ಡ್ ಕಾಲ್ ಕೊಡದ ದಿನ

೨೨ ನವೆಂಬರ್ ೨೦೦೭, ಗುರುವಾರ

ಕೊನೆಗೂ ಕೂಡಿತು. ಬೈಲಹೊಂಗಲದ ನಮ್ಮ ಹತ್ತಿ ಮಿಲ್ಲಿನ ಮೇಲ್ ಸರ್ವರ್‌ಗೂ ಮನೆಯವರ ಹೊಸ ಮೊಬೈಲಿಗೂ ಎರಡು ತಿಂಗಳಿಂದ ಹೊಂದಾಣಿಕೆಯೇ ಆಗಿರಲಿಲ್ಲ. ಬೆಳಗಾವಿಯ ಎಂಜಿನಿಯರ್ ಇವತ್ತು ಬೇರೆ ಸಾಫ್ಟ್‌ವೇರ್ ಹಾಕಿ, "ಇನ್ನ ಮೇಲ್ ಬಂದ ಕೂಡ್ಲೆ ಸಾಹೇಬ್ರ ಫೋನಿಗೆ ತಾನ ಹೋಗತೈತ್ರಿ. ನೀವು ಆರಾಮ ಇರ್ರಿ ಅಕ್ಕಾರ" ಎಂದ.

ಆರಾಮವಂತೆ! ಎರಡು ವರ್ಷದಿಂದ ಆಫೀಸಿನಲ್ಲಿ ಮೇಲ್ ಕಾಯುತ್ತ ಕುಳಿತವಳು ನಾನು. ಮುಂಬೈ ವ್ಯಾಪಾರಿಯದು ಬಂದರೆ ಒಂದು ಮಿಸ್ಡ್ ಕಾಲ್, ಮಾಲಕರದಾದರೆ ಎರಡು. ಹತ್ತಿ ಖರೀದಿಗೆಂದು ಊರೂರು ತಿರುಗುವ ಇವರು ಕೂಡಲೇ ಫೋನ್ ಮಾಡುತ್ತಿದ್ದರು. ನಾನು ಓದಿ ಹೇಳಿ, ಊಟವಾಯಿತೇ ಎಂದೂ ಕೇಳುತ್ತಿದ್ದೆ.

ಮಧ್ಯಾಹ್ನ ಮುಂಬೈ ಮೇಲ್ ಬಂತು. ಫೋನಿಗೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಯಾಕೋ ಸಿಟ್ಟೂ ಬಂತು. ಒಂದು ತಾಸಿನ ಮೇಲೆ, ಖರೀದಿಗೆ ಹೋಗಿದ್ದ ಸುರೇಬಾನದಿಂದ ಇವರೇ ಫೋನ್ ಮಾಡಿದರು.

"ರೇಣು, ಮಿಸ್ಡ್ ಕಾಲ್ ಯಾಕ ಕೊಡಲಿಲ್ಲ?"

"ಮೇಲ್ ನಿಮ್ಮ ಫೋನಿಗೆ ಬಂದಿಲ್ಲೇನ್ರಿ?"

"ಬಂದೈತಿ. ನೀ ಓದಿ ಹೇಳತಿ ಅಂತ ಇನ್ನೂ ತಗದಿಲ್ಲ."

ಓದಿ ಹೇಳಿದೆ. ನಾನು ಕೇಳುವ ಮೊದಲೇ, "ಊಟ ಆತು, ಝುಣಕ ರೊಟ್ಟಿ" ಎಂದರು.

ಪಾಪ, ಆ ಎಂಜಿನಿಯರ್ ಎರಡು ತಿಂಗಳು ಒದ್ದಾಡಿದ್ದ.