ಎಷ್ಟನೆಯ ಹೆರಿಗೆ

ಅವ್ವಾ,

ನೀನು ಹೋಗಿ ನಾಲ್ಕು ವರ್ಷವಾಯಿತು. ಆದರೂ ಇದನ್ನು ಬೇರೆ ಯಾರಿಗೂ ಹೇಳಲಾರೆ.

ಪಾಸ್‌ಪೋರ್ಟಿಗೆ ಜನನ ದಾಖಲೆ ಬೇಕೆಂದು ಇವತ್ತು ಶಿಕಾರಿಪುರದಲ್ಲಿ ನಾನು ಹುಟ್ಟಿದ ಆಸ್ಪತ್ರೆಗೆ ಹೋಗಿದ್ದೆ. ಗುಮಾಸ್ತ ಉಚ್ಚಂಗಪ್ಪನವರು ಹಳೆಯ ಹೆರಿಗೆ ಪುಸ್ತಕ ತೆರೆದರು. ನಿನ್ನ ಹೆಸರು, ತಾರೀಖು ಎಲ್ಲ ಸರಿಯಿತ್ತು. 'ಎಷ್ಟನೆಯ ಹೆರಿಗೆ' ಎಂಬಲ್ಲಿ ಮಾತ್ರ ಮೂರು ಎಂದಿತ್ತು.

"ತಪ್ಪು ಬರೆದಿದ್ದಾರೆ, ನಾನೇ ಮೊದಲನೆಯವಳು" ಎಂದೆ.

"ಅತ್ತೆದೀರು ಹೇಳಿದ್ದಾದ್ರೆ ನಂಬಂಗಿಲ್ರೀ ಮೇಡಂ, ಸತ್ತ ಕೂಸು ಅವ್ರು ಲೆಕ್ಕಕ್ಕೇ ಹಿಡಿಯಲ್ಲ. ಇದು ನಿಮ್ಮವ್ವನೇ ಬರೆಸಿದ್ದು. ಹೆಬ್ಬೆಟ್ಟು ಐತೆ ನೋಡ್ರಿ."

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ನಾನೇಕೆ ನಿನ್ನ ತವರು ಸೊರಬದಲ್ಲಿ ಹುಟ್ಟಲಿಲ್ಲ ಎಂದು ಇಷ್ಟು ವರ್ಷ ಕೇಳಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಎರಡು ಸೀಟು ಖಾಲಿಯಿದ್ದವು. ಒಬ್ಬರು ಕೂರಲು ಬಂದರೆ, "ಜನ ಇದ್ದಾರೆ" ಎಂದುಬಿಟ್ಟೆ.

ನನ್ನ ಮೊದಲನೆಯ ಬಸಿರು ಆರು ತಿಂಗಳಿಗೆ ಹೋದಾಗ ನೀನು ತಲೆ ನೇವರಿಸುತ್ತ, "ಅದನ್ನ ಲೆಕ್ಕಕ್ಕಿಡಬ್ಯಾಡ ಮಗಳೇ" ಎಂದಿದ್ದೆ. ಕಲ್ಲುಮನಸ್ಸಿನವಳೆಂದುಕೊಂಡು ಎಷ್ಟೋ ದಿನ ನಿನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೂ ನಿನ್ನ ಮಾತು ಪಾಲಿಸಿದೆ.

ಧನ್ಯಾ ಹುಟ್ಟಿದ ದಿನ ನರ್ಸ್ ಫಾರ್ಮ್ ಹಿಡಿದು, "ಎಷ್ಟನೇದು?" ಎಂದಳು.

"ಮೊದಲನೇದು" ಎಂದೆ.

ಪಕ್ಕದಲ್ಲೇ ನಿಂತಿದ್ದ ನೀನು ಏನೋ ಹೇಳಲು ಬಾಯಿ ತೆರೆದೆ. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ವರಾಂಡಕ್ಕೆ ಹೋಗಿಬಿಟ್ಟೆ. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ನಾನೇ ನರ್ಸಿಗೆ ಹೇಳಿದೆ.