ನಾನು ಆರಿಸಿದ ಕೆಂಪು ದೀಪ, ನೀವು ಕೊಟ್ಟ ಪ್ರಮಾಣಪತ್ರ

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ಪಾಸು ಮಾಡಿದ ಒಂದು ಕಾರನ್ನು ದಯವಿಟ್ಟು ಫೇಲು ಮಾಡಿ ಎಂದು ಕೇಳಲು ಈ ಪತ್ರ. ಆ ಕಾರಿನ ದೋಷವನ್ನು ಮುಚ್ಚಿಟ್ಟವಳು ನಾನೇ. ಅದನ್ನು ಹೇಳಿಕೊಳ್ಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ, ಒಂದು ಸಲ ಬರೆದೂ ಕೊಟ್ಟೆ. "ಸದರಿ ವಾಹನವು ತಪಾಸಣೆಯಲ್ಲಿ ಉತ್ತೀರ್ಣವಾಗಿರುವುದರಿಂದ ತಮ್ಮ ದೂರಿನಲ್ಲಿ ಹುರುಳಿಲ್ಲ" ಎಂದು ನಿಮ್ಮ ಉತ್ತರ ಬಂತು. ಸುಳ್ಳು ಹೇಳಿದವಳೇ ಎದುರು ನಿಂತು, ಸ್ವಾಮಿ, ನಾನು ಹೇಳಿದ್ದು ಸುಳ್ಳು ಎಂದರೂ, ಇಲ್ಲ ತಾಯಿ, ನಮ್ಮ ಮುದ್ರೆ ಬಿದ್ದಿದೆ, ಆದ್ದರಿಂದ ಅದು ನಿಜವೇ ಎಂದು ನನಗೆ ತಿಳಿಹೇಳಿದ್ದೀರಿ. ನಿಮ್ಮ ಮುದ್ರೆಗೆ ಇಷ್ಟೊಂದು ಶಕ್ತಿಯಿದೆಯೆಂದು ಮೊದಲೇ ಗೊತ್ತಿದ್ದರೆ ನಾನು ಕೈಗೆ ಗ್ರೀಸು ಮೆತ್ತಿಕೊಳ್ಳುತ್ತಲೇ ಇರಲಿಲ್ಲ. ಬ್ರೇಕು ಕೆಟ್ಟಾಗಲೂ ಗಾಡಿಯನ್ನು ನಿಮ್ಮ ಬಾಗಿಲಿಗೆ ತಳ್ಳಿಕೊಂಡು ಬಂದು ಒಂದು ಮುದ್ರೆ ಒತ್ತಿಸಿಕೊಂಡು ಹೋಗುತ್ತಿದ್ದೆ.

ಕಚೇರಿಯಲ್ಲಿ ಯಾರೂ ಕೇಳದ ಕಾರಣ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ವಯಸ್ಸು ಐವತ್ತು. ಬಟ್ಟೆ ಹೊಲಿಯುವುದು ನನ್ನ ಕಸುಬು. ದೇವರಿಗೆ ಕೈಮುಗಿಯದೆ ಸೂಜಿಗೆ ದಾರ ಪೋಣಿಸಿದವಳಲ್ಲ. ಇದನ್ನು ಹೆಮ್ಮೆಗೆಂದು ಹೇಳುತ್ತಿಲ್ಲ. ಅಂಥವಳು ಏನು ಮಾಡಿದಳು ಎಂಬುದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನನ್ನ ಯಜಮಾನರು ಇಪ್ಪತ್ತೆರಡು ವರ್ಷ ಒಬ್ಬ ಕಾರ್ಖಾನೆ ಮಾಲೀಕರ ಕಾರು ಓಡಿಸಿದರು. ಮಾಲೀಕರು ತೀರಿಕೊಂಡ ಮೇಲೆ ಅವರ ಮಗಳು, "ಅಪ್ಪನ ಕಾರನ್ನ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ, ನೀವೇ ಇಟ್ಕೊಳ್ಳಿ" ಎಂದು ಕೀಲಿ ಕೊಟ್ಟುಬಿಟ್ಟರು. ಉದ್ದನೆಯ ಕಪ್ಪು ಕಾರು, ಒಳಗೆಲ್ಲ ಚರ್ಮದ ಸೀಟು, ಬಾಗಿಲಿಗೆ ಮರದ ಅಂಚು. ಒಂದು ಕಾಲಕ್ಕೆ ಅದನ್ನು ನೋಡಲು ಜನ ರಸ್ತೆಯಲ್ಲಿ ನಿಲ್ಲುತ್ತಿದ್ದರಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಅದಕ್ಕೆ ಹತ್ತೊಂಬತ್ತು ವರ್ಷ. ನಮ್ಮ ಓಣಿಗೆ ತಿರುಗಿಸುವಾಗ ಎದುರುಮನೆಯ ಅಕ್ಕ ಕಟ್ಟೆಯ ಮೇಲಿದ್ದ ಹೂಕುಂಡಗಳನ್ನೆಲ್ಲ ಎತ್ತಿ ಒಳಗಿಟ್ಟು, "ಇದನ್ನ ಸಾಕೋದು ಹೇಗೆ ಮಾರಾಯ್ತಿ? ಮೇವಾದ್ರೂ ತಿನ್ನುತ್ತಾ?" ಎಂದರು.

ಮೇವು ತಿನ್ನುವ ಪ್ರಾಣಿಯಾಗಿದ್ದರೆ ವಾಸಿಯಿತ್ತು. ಇಂಥ ಕಾರುಗಳು ಹಳೆಯದಾದ ಮೇಲೆ ಅವನ್ನು ಮುಟ್ಟುವ ಮೆಕ್ಯಾನಿಕ್ಕುಗಳು ಸಿಗುವುದಿಲ್ಲ. ಬೀದಿ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ ಮೆಲ್ಲಗೆ ಮುಚ್ಚುತ್ತಾರೆ. ಕಂಪನಿಯವರು ಗಾಡಿಯ ವಯಸ್ಸು ಕೇಳಿಯೇ ಮುಖ ತಿರುಗಿಸುತ್ತಾರೆ. ಯಜಮಾನರಿಗೆ ಸೊಂಟ ಬಗ್ಗುವುದಿಲ್ಲ. ನನ್ನ ಕೈ ಚಿಕ್ಕದು, ಎಲ್ಲಿ ಬೇಕಾದರೂ ತೂರುತ್ತದೆ. ಮೂವತ್ತು ವರ್ಷದಿಂದ ನನ್ನ ಹೊಲಿಗೆ ಯಂತ್ರವನ್ನು ನಾನೇ ಬಿಚ್ಚಿ ಜೋಡಿಸಿಕೊಂಡಿದ್ದೇನೆ. ಯಂತ್ರ ಯಾವುದಾದರೂ ಬಿಚ್ಚಿದ ಕ್ರಮ ನೆನಪಿಟ್ಟುಕೊಂಡರೆ ಜೋಡಿಸುವುದು ಕಷ್ಟವಲ್ಲ ಎಂಬುದು ನನ್ನ ನಂಬಿಕೆ. ಬಿಚ್ಚಿದ ಸ್ಕ್ರೂಗಳನ್ನು ಗುಂಡಿಯ ಡಬ್ಬಿಗಳಲ್ಲಿ ಸಾಲಾಗಿ ಇಡುತ್ತಿದ್ದೆ. ಯಜಮಾನರು ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಛಾವಣಿಯ ಗಾಜಿನ ಕಿಂಡಿಯಿಂದ ನೀರು ಇಳಿಯುವ ಕೊಳವೆ ಕಟ್ಟಿಕೊಂಡು ಹಿಂದಿನ ಸೀಟಿನ ಕೆಳಗೆ ನೀರು ನಿಂತಾಗ ದಪ್ಪ ನೈಲಾನ್ ದಾರ ತೂರಿಸಿ ಬಿಡಿಸಿದೆ. ಬಾಗಿಲೊಳಗೆ ಕುಸಿದ ಗಾಜನ್ನು ಎತ್ತಿ ಕೂರಿಸಿದೆ. ಬ್ರೇಕಿನ ಪ್ಯಾಡುಗಳನ್ನು ನಾಲ್ಕೂ ಚಕ್ರಕ್ಕೆ ಬದಲಿಸಿದೆ. ಅವು ಇವತ್ತಿಗೂ ಸರಿಯಾಗಿವೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಹೋದ ವರ್ಷ ಚಾಲಕನ ಪಕ್ಕದ ಸೀಟಿನ ಹೊಲಿಗೆ ಬಿಟ್ಟಿತು. ಹೊಲಿಗೆ ಬಿಟ್ಟದ್ದು ಕಣ್ಣೆದುರಿಗಿದ್ದರೆ ನನಗೆ ಅನ್ನ ಸೇರುವುದಿಲ್ಲ. ನಾಲ್ಕು ಬೋಲ್ಟು ಬಿಚ್ಚಿ, ಅಡಿಯಲ್ಲಿದ್ದ ಹಳದಿ ಸಾಕೆಟ್ಟನ್ನು ಎಳೆದು, ಸೀಟನ್ನು ಅಂಗಳಕ್ಕೆ ತಂದಿಟ್ಟುಕೊಂಡೆ. ಅರ್ಧ ಹೊಲಿಯುವಷ್ಟರಲ್ಲಿ ಮಳೆ ಹನಿಯಿತು. ಕಾರಿನ ಗಾಜುಗಳು ಕೆಳಗಿದ್ದವು. ಸಾಮಾನ್ಯ ಹಳೆಯ ಕಾರಾಗಿದ್ದರೆ ಹಿಡಿ ತಿರುಗಿಸಿ ಗಾಜು ಏರಿಸುತ್ತಿದ್ದೆ. ಇದು ದೊಡ್ಡವರ ಕಾರು, ಕೀಲಿ ತಿರುಗಿಸದೆ ಗಾಜು ಏಳುವುದಿಲ್ಲ. ಓಡಿಹೋಗಿ ಕೀಲಿ ತಿರುಗಿಸಿದೆ, ಗಾಜು ಏರಿಸಿದೆ, ಆರಿಸಿದೆ. ನಾನು ಮಾಡಿದ ತಪ್ಪು ಅಷ್ಟೇ. ಆ ಹಳದಿ ಸಾಕೆಟ್ಟಿನಲ್ಲಿ ಏರ್‌ಬ್ಯಾಗಿನ ವೈರೂ ಇತ್ತು. ಗಾಡಿ ಗುದ್ದಿದರೆ ಕೂತವರ ಎದೆಗೆ ತಲೆಗೆ ದಿಂಬಿನಂತೆ ಉಬ್ಬುವ ಚೀಲವದು. ಅದು ಕಳಚಿರುವಾಗ ಕೀಲಿ ತಿರುಗಿಸಿದ್ದನ್ನು ಕಾರಿನ ಕಂಪ್ಯೂಟರು ಒಳಗೆ ಬರೆದಿಟ್ಟುಕೊಂಡಿತು. ಸೀಟನ್ನು ಮರಳಿ ಕೂರಿಸಿ ಸಾಕೆಟ್ಟು ಸೇರಿಸಿದ ಮೇಲೂ ಏರ್‌ಬ್ಯಾಗಿನ ಕೆಂಪು ದೀಪ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಲೇ ಇತ್ತು. ಅದು ಉರಿಯುವಷ್ಟು ಕಾಲ ಚೀಲ ಉಬ್ಬುತ್ತದೆಂಬ ಭರವಸೆಯಿಲ್ಲ.

ತಪಾಸಣೆಯ ದಿನ ನಿಮ್ಮ ತಪಾಸಕರಿಗೆ ನಡೆದದ್ದನ್ನೆಲ್ಲ ಇದ್ದ ಹಾಗೇ ಹೇಳಿದೆ. ಅವರು ಮುಖ ಎತ್ತದೆ, "ದೀಪ ಉರೀತಿದೆ. ಆರಿಸ್ಕೊಂಡು ಬನ್ನಿ" ಎಂದರು. ಫೇಲು ಮಾಡಿದ್ದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿಂದ ಕಂಪನಿಯ ಗಾಜಿನ ಕಟ್ಟಡಕ್ಕೆ ಹೋದೆ. ಟೈ ಕಟ್ಟಿದವರೊಬ್ಬರು ಪರದೆಯಲ್ಲಿ ಹುಡುಕಿ, "ಮೇಡಂ, ಈ ಗಾಡಿ ನಮ್ಮ ಲಿಸ್ಟಲ್ಲೇ ಇಲ್ಲ" ಎಂದರು.

"ಲಿಸ್ಟಲ್ಲಿ ಇಲ್ದಿದ್ರೆ ಏನಂತೆ, ನಿಮ್ಮ ಬಾಗಿಲಲ್ಲೇ ನಿಂತಿದೆಯಲ್ಲ ಸ್ವಾಮಿ. ಬಂದು ನೋಡಿ."

"ನೋಡಿ ಏನ್ಮಾಡ್ಲಿ? ಏರ್‌ಬ್ಯಾಗಿನ ಪೂರ್ತಿ ಯೂನಿಟ್ ಬದಲಾಯಿಸ್ಬೇಕು. ಆ ಯೂನಿಟ್ ತಯಾರಿಸೋದೇ ನಿಲ್ಸಿದೀವಿ."

"ತಪ್ಪನ್ನ ನಾನು ಸರಿಮಾಡಿದೀನಿ. ಅದರ ಮನಸ್ಸಿಂದ ಅಳಿಸ್ಬೇಕು, ಅಷ್ಟೇ."

"ಅಳಿಸೋ ಮೆಷೀನು ಹೊರಗಿನವರಿಗೆ ಕೊಡಲ್ಲ ಮೇಡಂ. ಹೊಸ ಗಾಡಿ ನೋಡ್ತೀರಾ?"

ಮನೆಗೆ ಬಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಊಟವಾದ ಮೇಲೆ, ಯಜಮಾನರು ಮಲಗಿದ್ದಾಗ, ಡ್ಯಾಶ್‌ಬೋರ್ಡು ಬಿಚ್ಚಿದೆ. ಕೆಂಪು ದೀಪದ ವೈರನ್ನು ಕತ್ತರಿಸಿ ಪಕ್ಕದ ಆಯಿಲ್ ದೀಪದ ವೈರಿಗೆ ಸೇರಿಸಿ ಟೇಪು ಸುತ್ತಿದೆ. ಆಯಿಲ್ ದೀಪ ಕೀಲಿ ತಿರುಗಿಸಿದಾಗ ಹತ್ತುತ್ತದೆ, ಇಂಜಿನ್ ಚಾಲೂ ಆದಾಗ ಆರುತ್ತದೆ. ಈಗ ಕೆಂಪು ದೀಪವೂ ಅದರ ಜೊತೆಗೇ ಹತ್ತಿ ಅದರ ಜೊತೆಗೇ ಆರತೊಡಗಿತು. ನೋಡಿದವರಿಗೆ ಎಲ್ಲ ಸರಿಯಿದೆಯೆಂದೇ ತೋರಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನನ್ನ ತಲೆಗೇ ಹೊಳೆಯಿತು, ಹೊಳೆದದ್ದಕ್ಕೆ ಜಂಬವೂ ಬಂತು.

ಎದ್ದು ಬಂದ ಯಜಮಾನರು, "ಆರ್ತೇನೇ ದೀಪ?" ಎಂದರು.

"ಆರ್ತು ರೀ."

"ಹೇಗೆ?"

"ದೇವರ ದಯೆ" ಎಂದುಬಿಟ್ಟೆ.

ಅಧಿಕಾರಿಗಳೇ, ನಿಮಗೆ ಹೇಳಿದ ಸುಳ್ಳಿಗಿಂತ ಈ ಎರಡು ಮಾತು ನನಗೆ ಹೆಚ್ಚು ಚುಚ್ಚುತ್ತವೆ. ಅಂದು ಸಂಜೆ ದೇವರ ಮುಂದೆ ಕೂತು, ನಿನ್ನ ಕೃಪೆಯಿಂದ ಕೆಲಸವಾಯಿತು ತಂದೆ ಎಂದು ಮನಸಾರೆ ಕೈಮುಗಿದೆ. ನಾಟಕವಲ್ಲ, ನಿಜವಾಗಿಯೇ. ಕಳ್ಳತನ ಮಾಡಿ ಬಂದವರು ದೇವರನ್ನು ಪಾಲುದಾರನಾಗಿ ಸೇರಿಸಿಕೊಳ್ಳುತ್ತಾರಲ್ಲ, ಹಾಗೆ. ಮರುದಿನ ನಿಮ್ಮ ತಪಾಸಕರು ಇಂಜಿನ್ ಓಡುತ್ತಿದ್ದಾಗಲೇ ತಲೆಯನ್ನಷ್ಟೇ ಒಳಗೆ ಹಾಕಿ ನೋಡಿ, "ಹೂಂ, ಈಗ ಸರಿಯಾಯ್ತು ನೋಡಿ" ಎಂದು ಮುದ್ರೆ ಒತ್ತಿದರು. ನಿಜ ಹೇಳಿದ ದಿನ ಮುಖ ಎತ್ತದವರು ಸುಳ್ಳು ತಂದ ದಿನ ನಗುನಗುತ್ತಾ ಮಾತಾಡಿಸಿದರು.

ಆಮೇಲೆ ಯಜಮಾನರ ಕಣ್ಣು ಮಂಜಾಯಿತು, ಡ್ರೈವಿಂಗ್ ಬಿಟ್ಟರು. ಕಾರು ಮಾರುವುದೆಂದಾಯಿತು. ಹಳೆಯ ಕಾರುಗಳ ದಲ್ಲಾಳಿಯೊಬ್ಬರು ಒಬ್ಬ ಮಗ ಮತ್ತು ಅವನ ತಾಯಿಯನ್ನು ಕರೆತಂದರು. ಆ ತಾಯಿಗೆ ಎಪ್ಪತ್ತು ದಾಟಿರಬೇಕು, ಮಂಡಿ ನೋವು. ಯಜಮಾನರೇ ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಅವರು ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಸವರಿ, "ಏನು ಸುಖವಪ್ಪ, ಯಾರೋ ಮಡಿಲಲ್ಲಿ ಕೂರಿಸ್ಕೊಂಡ ಹಾಗಿದೆ" ಎಂದರು. ಮಗ ನನ್ನ ಕಡೆ ತಿರುಗಿ, "ಏನಾದ್ರೂ ತೊಂದ್ರೆ ಇದ್ರೆ ಈಗ್ಲೇ ಹೇಳ್ಬಿಡಿ ಅಮ್ಮ. ಕೂರೋದು ನಮ್ಮಮ್ಮ" ಎಂದ.

ಎಷ್ಟು ನೇರವಾಗಿ ಕೇಳಿದ ನೋಡಿ! ನಾನು ನಿಮ್ಮ ಪ್ರಮಾಣಪತ್ರವನ್ನು ಅವನ ಕೈಗಿಟ್ಟೆ. "ತಪಾಸಣೆ ಪಾಸಾಗಿದೆಯಪ್ಪ, ನೋಡು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಿಮ್ಮ ಕಾಗದದ ಹಿಂದೆ ಅಡಗಿಕೊಂಡೆ. ಅಡಗಿಕೊಳ್ಳಲು ಅಷ್ಟು ಅಗಲವಾದ ಕಾಗದ ಬೇರೆಲ್ಲೂ ಸಿಗುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ದಲ್ಲಾಳಿ ಅಂಗಿ ಹೊಲಿಸಲು ಬಂದರು. ಅಳತೆ ತೆಗೆದುಕೊಳ್ಳುತ್ತಿದ್ದಾಗ, "ಆ ಅಜ್ಜಿ ಮುಂದಿನ ಸೀಟು ಬಿಟ್ಟು ಬೇರೆ ಕಡೆ ಕೂರೋದೇ ಇಲ್ವಂತೆ. ಕೊಟ್ಟ ಹೆಣ್ಣುಮಗಳು ಚೆನ್ನಾಗಿರಲಿ ಅಂತ ಪ್ರತಿ ಸಲ ಹೇಳ್ತಾರಂತೆ" ಎಂದರು. ಅಳತೆಯ ಟೇಪನ್ನು ಕೆಳಗಿಟ್ಟೆ. ಅಲ್ಲೇ ಎಲ್ಲವನ್ನೂ ಹೇಳಿ, ಅವರ ಫೋನ್ ನಂಬರು ಕೊಡಿ ಎಂದು ಬೇಡಿದೆ.

"ಸುಮ್ನಿರಮ್ಮ. ಮುಗಿದುಹೋದ ವ್ಯಾಪಾರ. ಗಾಡಿ ವಾಪಸ್ ತಂದ್ರೆ ನನ್ನ ಹೆಸರೇನಾಗ್ಬೇಕು?" ಎಂದವರು ಅಂಗಿಯನ್ನೂ ಹೊಲಿಸದೆ ಹೋದರು. ಆಮೇಲೆ ಫೋನೇ ಎತ್ತಲಿಲ್ಲ.

ಮಾತೆಲ್ಲ ಒಳಗಿನ ಕೋಣೆಯಿಂದ ಯಜಮಾನರಿಗೆ ಕೇಳಿಸಿತ್ತು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಬಂದು, "ಆ ಅಮ್ಮನ್ನ ನಾನೇ ಕೈಹಿಡಿದು ಕೂರಿಸ್ದೆ ಕಣೇ" ಎಂದರು. ಜೀವಮಾನವಿಡೀ ಗಾಡಿಯಲ್ಲಿ ಕೂತವರನ್ನು ಕ್ಷೇಮವಾಗಿ ಇಳಿಸಿದ ಮನುಷ್ಯ. ಅವರ ಕೈಯನ್ನೂ ನಾನು ಇದರಲ್ಲಿ ಸೇರಿಸಿದ್ದೆ.

ಮಾರಾಟದ ಕಾಗದಪತ್ರವೆಲ್ಲ ದಲ್ಲಾಳಿಯ ಕೈಯಲ್ಲೇ ಆಗಿತ್ತು. ಕಾರು ಯಾರ ಹೆಸರಿಗೆ ಹೋಯಿತು, ಅವರ ಮನೆ ಎಲ್ಲಿ ಎಂಬುದು ನಿಮ್ಮ ಕಚೇರಿಯ ದಾಖಲೆಯಲ್ಲಿದೆ. ವಿಳಾಸ ಕೇಳಿದೆ. ಕೌಂಟರಿನ ಗುಮಾಸ್ತರು, "ಅದು ಖಾಸಗಿ ಮಾಹಿತಿ, ಕೊಡೋ ಹಾಗಿಲ್ಲ" ಎಂದರು. ಕೊಡಬೇಡಿ, ನೀವೇ ಒಂದು ಕಾಗದ ಬರೆಯಿರಿ ಎಂದೆ. "ಯಾವ ಆಧಾರದ ಮೇಲೆ? ಗಾಡಿ ಪಾಸಾಗಿದೆ." ಹಾಗಾದರೆ ಫೇಲು ಮಾಡಿ ಎಂದೆ. ಅವರು ಪಕ್ಕದವರನ್ನು ಕರೆದು ತೋರಿಸಿದರು: "ನೋಡ್ರಿ ಇಲ್ಲಿ, ಫೇಲಾದ ಗಾಡಿ ಪಾಸ್ ಮಾಡ್ಸೋಕೆ ಊರೆಲ್ಲಾ ಬರುತ್ತೆ. ಪಾಸಾಗಿರೋದನ್ನ ಫೇಲ್ ಮಾಡ್ಸೋಕೆ ಬಂದಿರೋದು ಈಯಮ್ಮ ಒಬ್ರೇ. ಅದಕ್ಕೆ ಫಾರಮ್ಮೇ ಇಲ್ಲ ತಾಯಿ!" ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೂ ನಗು ಬಂತು, ಏನು ಮಾಡಲಿ. ಆಚೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ನಿಮ್ಮ ನಿಯಮದಲ್ಲಿ ಜನರು ಪಾಸಾದದ್ದನ್ನು ಕೆಟ್ಟಿದೆ ಎಂದು ಹೇಳಿಕೊಂಡು ಬರಬಹುದೆಂಬ ಯೋಚನೆಯೇ ಇಲ್ಲ. ಪಶ್ಚಾತ್ತಾಪ ಪಟ್ಟವರಿಗೆ ದೇವರ ಬಾಗಿಲು ತೆರೆದಿರುತ್ತದೆ, ನಿಮ್ಮ ಕೌಂಟರು ಊಟದ ಹೊತ್ತಿಗೆ ಮುಚ್ಚುತ್ತದೆ. ಇದನ್ನು ಓದಿದ ಮೇಲೆ ನೀವು ಏನು ಮಾಡಬಹುದೆಂದೂ ಊಹಿಸಬಲ್ಲೆ. ನೋಡಿ, ಮನೆಯಲ್ಲಿ ಕಾರು ಬಿಚ್ಚುವವರ ಹಣೆಬರಹವೇ ಇದು ಎಂದು ಹೊಸ ಸುತ್ತೋಲೆ ಹೊರಡಿಸಿ ಎಲ್ಲರ ಕೈ ಕಟ್ಟುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಬಿಚ್ಚಿದ್ದು ತಪ್ಪಲ್ಲ. ಹಳೆಯ ಗಾಡಿಯನ್ನು ಕಂಪನಿಯೂ ಮುಟ್ಟದಿದ್ದರೆ, ಗ್ಯಾರೇಜೂ ಮುಟ್ಟದಿದ್ದರೆ, ಇಟ್ಟುಕೊಂಡವರೇ ಮುಟ್ಟಬೇಕು. ತಪ್ಪು ಅಳಿಸುವ ಮೆಷೀನನ್ನು ಕಂಪನಿಯವರು ಬೀಗ ಹಾಕಿ ಇಟ್ಟುಕೊಂಡಿದ್ದಾರೆ, ಅದನ್ನು ಕೊಡಿಸುವ ಅಧಿಕಾರ ಇದ್ದರೆ ಕೊಡಿಸಿ. ಆದರೆ ನನ್ನ ಪಾಲನ್ನು ಕಂಪನಿಯ ಮೇಲೆ ಹೊರಿಸಲಾರೆ. ರಿಪೇರಿ ಆಗದಿದ್ದದ್ದನ್ನು ಆಗಿದೆ ಎಂದು ತೋರಿಸಿದ್ದು ಕಂಪನಿಯಲ್ಲ, ಮಳೆಯಲ್ಲ, ನಿಮ್ಮ ತಪಾಸಕರೂ ಅಲ್ಲ.

ನನ್ನ ಬೇಡಿಕೆ ಒಂದೇ. ಆ ಕಾರಿನ ನಂಬರನ್ನು ನಿಮಗೆ ಬರೆದುಕೊಟ್ಟಿದ್ದೇನೆ. ಈ ವಾರದೊಳಗೆ ಆ ಪ್ರಮಾಣಪತ್ರವನ್ನು ರದ್ದು ಮಾಡಿ, ಕಾರು ಕೊಂಡ ಮನೆಯವರಿಗೆ ಕಾರಣ ತಿಳಿಸಿ. ನನಗೆ ಏನು ಶಿಕ್ಷೆಯೆಂದು ಆಮೇಲೆ ನೋಡಿ, ಕರೆದ ದಿನ ಬರುತ್ತೇನೆ. ಗಾಡಿ ವಾಪಸ್ ಕೊಡುತ್ತೇವೆ ಎಂದರೆ ಅವರಿಂದ ಪಡೆದದ್ದನ್ನು ಪೂರ್ತಿ ಹಿಂದಿರುಗಿಸುತ್ತೇವೆ, ಯಜಮಾನರೂ ಒಪ್ಪಿದ್ದಾರೆ.

ನೀವು ಬರೆಯದೆ ಹೋದರೆ ಎಂಬ ಭಯದಿಂದ ಉಳಿದ ನಾಲ್ಕು ಸಾಲನ್ನು ಆ ಮಗನಿಗೇ ಬರೆಯುತ್ತಿದ್ದೇನೆ. ಅಪ್ಪಾ, ನಿನ್ನದು ಉದ್ದನೆಯ ಕಪ್ಪು ಕಾರು. ಅಮ್ಮ ಕೂರುವ ಸೀಟಿನ ಬಲ ಅಂಚಿನಲ್ಲಿ ಎರಡೆಳೆಯ ಹೊಲಿಗೆಯಿದೆ. ಬೇರೆಲ್ಲ ಕಡೆ ದಾರ ಕಪ್ಪು, ಅಲ್ಲಿ ಮಾತ್ರ ಕಂದು. ಅದು ಇದ್ದರೆ ಒಮ್ಮೆ ಕೀಲಿ ತಿರುಗಿಸು, ಇಂಜಿನ್ ಮಾತ್ರ ಚಾಲೂ ಮಾಡಬೇಡ. ಏರ್‌ಬ್ಯಾಗಿನ ಕೆಂಪು ದೀಪ ಹತ್ತುತ್ತದೆ. ನಿಧಾನವಾಗಿ ಇಪ್ಪತ್ತರವರೆಗೆ ಎಣಿಸು. ಸರಿಯಿರುವ ಗಾಡಿಯಲ್ಲಿ ಅದು ಅಷ್ಟರೊಳಗೆ ತಾನಾಗಿ ಆರುತ್ತದೆ, ನಿನ್ನದರಲ್ಲಿ ಆರುವುದಿಲ್ಲ. ಆಗ ಅಮ್ಮನನ್ನು ಮೆಲ್ಲಗೆ ಇಳಿಸಿಕೊಂಡು ಒಳಗೆ ಕರೆದುಕೊಂಡು ಹೋಗು. ಇನ್ನು ಮೇಲೆ ನನ್ನನ್ನು ಹರಸಬೇಡಿ ಎಂದು ಅವರಿಗೆ ಹೇಳು.

ಇಂತಿ, ತಲೆ ತಗ್ಗಿಸಿಕೊಂಡು,
ಆ ವೈರನ್ನು ಜೋಡಿಸಿದವಳು